ಡ್ರಮ್ ವಾದಕ ಚಿಕ್ ವೆಬ್

ಪಾಶ್ಚಾತ್ಯ ಸಂಗೀತದಲ್ಲಿ ಡ್ರಮ್ ಎಂಬ ಚರ್ಮವಾದ್ಯಕ್ಕೆ ವಿಶಿಷ್ಟವಾದ ಸ್ಥಾನವಿದೆ. ಅದನ್ನು ನುಡಿಸಲು ಬೇಕಾದದ್ದು ಎರಡು ಮರದ ಕೋಲುಗಳು. ನೋಡುವವರ ಕಣ್ಣಿಗೆ ಇದು ಬಹು ಸುಲಭವಾದ ಕೆಲಸವೆಂದು ತೋರುತ್ತದೆ. ಬಿಗಿದ ಚರ್ಮದ ಮೇಲೆ ಕೋಲಿನಿಂದ ಹೊಡೆದರೆ ಸದ್ದು ಬಾರದಿರುವುದುಂಟೆ? ಆದರೆ ಸದ್ದು ಬೇರೆ, ನಾದ ಬೇರೆ. ಕೋಲನ್ನು ಬಲವಾಗಿ ಅಮುಕಿ ಹಿಡಿದರೆ ಪೆಟ್ಟು ಸತ್ತುಹೋಗುತ್ತದೆ. ತೀರ ಸಡಿಲವಾಗಿ ಹಿಡಿದರೆ ಕೋಲೇ ಕೈಬಿಟ್ಟು ಹಾರುತ್ತದೆ. ಈ ಎರಡರ ನಡುವಣ ಹದವನ್ನು ಕಂಡುಕೊಳ್ಳಲು ವಾದಕನು ವರ್ಷಗಟ್ಟಲೆ ಸಾಧನೆ ಮಾಡಬೇಕಾಗುತ್ತದೆ. ಅಂಥ ಸಾಧನೆಯಿಂದ ಕೀರ್ತಿಯ ಶಿಖರವನ್ನೇರಿದವರಲ್ಲಿ ಅಮೆರಿಕದ ಚಿಕ್ ವೆಬ್ ಅಗ್ರಗಣ್ಯನು. ಗೂನುಬೆನ್ನಿನ, ನಾಲ್ಕಡಿಗಿಂತ ತುಸುವೇ ಎತ್ತರವಾಗಿದ್ದ ಈ ಮನುಷ್ಯನು ತನ್ನ ಕಾಲದ ಅತಿಶ್ರೇಷ್ಠ ಜಾಜ್ ಡ್ರಮ್ ವಾದಕರಲ್ಲಿ ಒಬ್ಬನೆನಿಸಿಕೊಂಡನು. ಅವನ ಬಾಳು ಕೇವಲ 34 ವರ್ಷಗಳದು.

ವಿಲಿಯಮ್ ಹೆನ್ರಿ ವೆಬ್ ಹುಟ್ಟಿದ್ದು 1905ನೆಯ ಇಸವಿ ಫೆಬ್ರವರಿ 10ರಂದು, ಅಮೆರಿಕ ಸಂಯುಕ್ತ ಸಂಸ್ಥಾನದ ಮೇರಿಲ್ಯಾಂಡ್ ರಾಜ್ಯದ ಬಾಲ್ಟಿಮೋರ್ ಎಂಬ ರೇವುಪಟ್ಟಣದಲ್ಲಿ. ಅವನದು ಕಪ್ಪು ಜನಾಂಗದ ಬಡ ಕುಟುಂಬ. ಆ ದೇಶದಲ್ಲಿ ಗುಲಾಮಗಿರಿ ಅಳಿದು ಆಗ ನಾಲ್ವತ್ತು ವರ್ಷಗಳಾಗಿದ್ದವು. ಕಾನೂನಿನ ಸಂಕೋಲೆ ಕಳಚಿದ್ದರೂ ಬದುಕಿನ ಸಂಕೋಲೆ ಕಳಚಿರಲಿಲ್ಲ. ಕಪ್ಪು ಜನರು ಬಿಳಿಯರ ಬೀದಿಗಳಲ್ಲಿ ಮನೆ ಮಾಡಬಾರದೆಂದು 1910ರಲ್ಲಿ ಬಾಲ್ಟಿಮೋರ್ ನಗರಾಡಳಿತವು ವಿಧಿಯನ್ನೇ ಮಾಡಿತು. ಇಂಥ ಊರಿನಲ್ಲಿ ತಾಯಿಯ ತಂದೆಯ ಆಶ್ರಯದಲ್ಲಿ ಆ ಮಗು ಬೆಳೆಯಿತು.

ಬಡತನವೊಂದೇ ಸಾಲದೆಂಬಂತೆ ಎಳವೆಯಲ್ಲಿಯೇ ಅವನಿಗೊಂದು ದೊಡ್ಡ ವಿಪತ್ತು ಒದಗಿತು. ಮನೆಯ ಮೆಟ್ಟಿಲುಗಳಿಂದ ಉರುಳಿಬಿದ್ದು ಬೆನ್ನಿಗೆ ಬಲವಾದ ಪೆಟ್ಟಾಯಿತು. ಬಳಿಕ ಬೆನ್ನುಮೂಳೆಗೆ ಕ್ಷಯರೋಗ ತಗುಲಿತು. ಕ್ಷಯಕ್ಕೆ ಮದ್ದಾದ ಸ್ಟ್ರೆಪ್ಟೊಮೈಸಿನ್ ಕಂಡುಹಿಡಿಯಲ್ಪಟ್ಟದ್ದು 1943ರಲ್ಲಿ. ವೆಬ್ಬನ ಬಾಲ್ಯದಲ್ಲಿ ವೈದ್ಯರ ಕೈಯಲ್ಲಿ ಆ ರೋಗವನ್ನು ನಿಲ್ಲಿಸುವ ಔಷಧಿಯಿರಲಿಲ್ಲ. ಬೆನ್ನು ಬಾಗಿ ಗೂನಾಯಿತು. ದೇಹದ ಬೆಳವಣಿಗೆ ಕುಂಠಿತವಾಯಿತು. ನೋವು ಅವನ ನಿತ್ಯದ ಸಂಗಾತಿಯಾಯಿತು. ಕೋಳಿಮರಿಯೆಂಬ ಅರ್ಥ ಬರುವ ಚಿಕ್ ಎಂಬ ಅಡ್ಡಹೆಸರು ಅವನಿಗೆ ಬಂದದ್ದೂ ಈ ಪುಟ್ಟ ಆಕಾರದಿಂದಲೇ. ಹೀಯಾಳಿಕೆಯಂತೆ ತೋರುವ ಆ ಹೆಸರನ್ನು ಅವನು ಸಂತೋಷದಿಂದ ಉಳಿಸಿಕೊಂಡನು; ಮುಂದೆ ಅದೇ ಹೆಸರು ಜಗತ್ತಿನ ಸಂಗೀತಪ್ರಿಯರ ನಾಲಗೆಯ ಮೇಲೆ ನಲಿಯಿತು.

ಬಿಗಿತುಕೊಂಡ ಅಂಗಾಂಗಗಳು ಸಡಿಲವಾಗಲು ಡ್ರಮ್ ಬಾರಿಸುವುದನ್ನು ರೂಢಿಸಿಕೊಳ್ಳುವುದು ಒಳ್ಳೆಯದೆಂದು ವೈದ್ಯನೊಬ್ಬನು ಸಲಹೆಯಿತ್ತನೆಂದು ಹೇಳುತ್ತಾರೆ. ಚಿಕಿತ್ಸೆಯಾಗಿ ಬಂದ ವಾದ್ಯವು ಹುಡುಗನಿಗೆ ಪ್ರಾಣವಾಯಿತು. ಕೊಳ್ಳಲು ಹಣವಿರಲಿಲ್ಲ. ಮನೆಯ ಪಾತ್ರೆಗಳು, ಡಬ್ಬಗಳು, ಬೀದಿಯ ಕಬ್ಬಿಣದ ಕಂಬಿಗಳು, ಕೈಗೆ ಸಿಕ್ಕಿದುದೆಲ್ಲವೂ ಅವನಿಗೆ ಡ್ರಮ್ಮೇ ಆಯಿತು. ಬೀದಿಬೀದಿಗಳಲ್ಲಿ ವೃತ್ತಪತ್ರಿಕೆಗಳನ್ನು ಮಾರಿ, ಬಂದ ಪುಡಿಗಾಸನ್ನು ಕೂಡಿಟ್ಟು, ಅವನು ತನ್ನ ಮೊದಲ ಡ್ರಮ್ಮುಗಳನ್ನು ಕೊಂಡುಕೊಂಡನು. ದೇಹಬಲವುಳ್ಳ ಹುಡುಗರಿಗೇ ಕಷ್ಟವೆನಿಸುವ ಆ ಕಸುಬು ಅವನಿಗೆ ಎಷ್ಟು ನೋವನ್ನು ಕೊಟ್ಟಿರಬಹುದೆಂಬುದನ್ನು ನಾವು ಊಹಿಸಬಹುದು.

ಈಗ ಡ್ರಮ್ಮಿನ ಕೋಲು ಹಿಡಿಯುವ ಬಗೆಯನ್ನು ಸ್ವಲ್ಪ ತಿಳಿಯೋಣ. ವೆಬ್ಬನ ಹಿರಿಮೆಯನ್ನು ಅರಿಯಲು ಇದು ಅವಶ್ಯಕ. ಅವನ ಕಾಲದ ಜಾಜ್ ವಾದಕರ ಎರಡು ಕೈಗಳೂ ಕೋಲನ್ನು ಒಂದೇ ರೀತಿಯಲ್ಲಿ ಹಿಡಿಯುತ್ತಿರಲಿಲ್ಲ. ಬಲಗೈಯ ಅಂಗೈ ಕೆಳಮುಖವಾಗಿರುತ್ತಿತ್ತು. ಹೆಬ್ಬೆರಳು ಮತ್ತು ತೋರುಬೆರಳುಗಳ ನಡುವೆ ಕೋಲು ನಿಂತು, ಉಳಿದ ಬೆರಳುಗಳು ಅದನ್ನು ಹಗುರವಾಗಿ ಸುತ್ತುತ್ತಿದ್ದವು. ಎಡಗೈಯ ಅಂಗೈ ಮಾತ್ರ ಮೇಲ್ಮುಖವಾಗಿರುತ್ತಿತ್ತು. ಅಲ್ಲಿ ಕೋಲು ಹೆಬ್ಬೆರಳಿನ ಬುಡದ ಕವಲಿನಲ್ಲಿ ಒರಗಿ, ಉಂಗುರಬೆರಳಿನ ಮೇಲೆ ಮಲಗಿ, ತೋರುಬೆರಳು ಮತ್ತು ನಡುಬೆರಳುಗಳ ಕೆಳಗೆ ಹಾದು ಹೊರಚಾಚುತ್ತಿತ್ತು. ಬಲಗೈಯ ಪೆಟ್ಟು ಮಣಿಕಟ್ಟನ್ನು ಮೇಲೆ ಕೆಳಗೆ ಆಡಿಸುವುದರಿಂದ ಹುಟ್ಟಿದರೆ, ಎಡಗೈಯ ಪೆಟ್ಟು ಬೀಗದ ಕೈಯನ್ನು ತಿರುಗಿಸುವಂತೆ ಮುಂಗೈಯನ್ನು ಹೊರಳಿಸುವುದರಿಂದ ಹುಟ್ಟುತ್ತಿತ್ತು. ಇದನ್ನು ಸಾಂಪ್ರದಾಯಿಕ ಹಿಡಿತವೆಂದು ಕರೆಯುತ್ತಾರೆ.

ಈ ವಿಚಿತ್ರವಾದ ಹಿಡಿತಕ್ಕೆ ಕಾರಣ ದಂಡಿನಲ್ಲಿದೆ. ಹಿಂದೆ ಯೂರೋಪು ಅಮೆರಿಕಗಳ ಸೈನ್ಯಗಳಲ್ಲಿ ಡ್ರಮ್ ಬಾರಿಸುವವನು ಸೈನಿಕರೊಡನೆ ಹೆಜ್ಜೆ ಹಾಕಿ ನಡೆಯಬೇಕಾಗಿತ್ತು. ಡ್ರಮ್ಮು ಬಲಭುಜದ ಮೇಲಿನಿಂದ ಇಳಿಬಿಟ್ಟ ಪಟ್ಟಿಗೆ ಕಟ್ಟಲ್ಪಟ್ಟು ಎಡತೊಡೆಯ ಬಳಿ ತೂಗುತ್ತಿತ್ತು. ನಡೆಯುವಾಗ ಕಾಲಿಗೆ ತಾಗಿ ಅದು ಓರೆಯಾಗಿ ನಿಲ್ಲುತ್ತಿತ್ತು. ಎಡಭಾಗ ಮೇಲೆದ್ದು ಬಲಭಾಗ ತಗ್ಗುತ್ತಿತ್ತು. ಎಡಗೈಯನ್ನೂ ಬಲಗೈಯಂತೆ ಕೆಳಮುಖವಾಗಿ ಹಿಡಿದರೆ, ಎದ್ದಿರುವ ಅಂಚನ್ನು ದಾಟಿಸಲು ಮೊಳಕೈಯನ್ನು ಅತಿಯಾಗಿ ಎತ್ತಬೇಕಾಗುತ್ತಿತ್ತು. ಹರದಾರಿಗಟ್ಟಲೆ ನಡೆಯುವವನಿಗೆ ಅದು ಸಾಧ್ಯವಾದ ಮಾತಲ್ಲ. ಆದುದರಿಂದ ಅಂಗೈಯನ್ನು ಮೇಲೆ ಮಾಡಿ ಕೋಲನ್ನು ಅಂಚಿನ ಮೇಲಿಂದ ಒಳಕ್ಕೆ ಚಾಚುವ ಉಪಾಯ ರೂಢಿಗೆ ಬಂದಿತು. ಮುಂದೆ ಡ್ರಮ್ಮು ಭುಜದಿಂದಿಳಿದು ಕಾಲ್ಮಣೆಯ ಮೇಲೆ ಕುಳಿತಿತು. ವಾದಕನೂ ಪೀಠದ ಮೇಲೆ ಕುಳಿತನು. ಕಾರಣ ಮರೆಯಾಯಿತು, ಅಭ್ಯಾಸ ಉಳಿಯಿತು. ಗುರುವಿನಿಂದ ಶಿಷ್ಯನಿಗೆ ಆ ಹಿಡಿತವೇ ಇಳಿದುಬಂದಿತು.

ಚಿಕ್ ವೆಬ್ಬನ ಛಾಯಾಚಿತ್ರಗಳಲ್ಲಿ ಈ ಸಾಂಪ್ರದಾಯಿಕ ಹಿಡಿತವನ್ನೇ ಕಾಣುತ್ತೇವೆ. ನಡೆಯುವ ಸೈನಿಕನಿಗಾಗಿ ಹುಟ್ಟಿದ ಕ್ರಮವು, ಸರಾಗವಾಗಿ ನಡೆಯಲೂ ಆಗದವನ ಕೈಗೆ ಬಂದು ಹೊಸ ಜೀವವನ್ನು ಪಡೆಯಿತು. ಬಿಗಿದ ಚರ್ಮಕ್ಕೆ ತಗುಲಿದ ಕೋಲು ತಾನಾಗಿಯೇ ಪುಟಿದು ಮೇಲೇಳುತ್ತದೆ. ಒಳ್ಳೆಯ ಹಿಡಿತದ ಗುಟ್ಟು ಆ ಪುಟಿತವನ್ನು ತಡೆಯದಿರುವುದರಲ್ಲಿದೆ. ಪ್ರತಿ ಪೆಟ್ಟಿಗೂ ತೋಳನ್ನೆತ್ತಿ ಇಳಿಸುವವನು ಬೇಗ ದಣಿಯುತ್ತಾನೆ. ಪುಟಿದ ಕೋಲನ್ನು ಬೆರಳುಗಳಿಂದ ಮತ್ತೆ ಕೆಳಕ್ಕೆ ಕಳುಹಿಸುವವನು ಅಲ್ಪ ಶಕ್ತಿಯಿಂದ ಅನೇಕ ಪೆಟ್ಟುಗಳನ್ನು ಪಡೆಯುತ್ತಾನೆ. ದೇಹಬಲವನ್ನು ನಂಬುವಂತಿಲ್ಲದ ವೆಬ್ಬನ ಮಣಿಕಟ್ಟು ಬೆರಳುಗಳು ಈ ವಿದ್ಯೆಯಲ್ಲಿ ಅಸಾಧಾರಣ ಪ್ರಭುತ್ವವನ್ನು ಪಡೆದಿದ್ದವು. ಕೋಲುಗಳಷ್ಟೇ ಅಲ್ಲದೆ ತಂತಿಯ ಕುಂಚಗಳನ್ನು ಚರ್ಮದ ಮೇಲೆ ಆಡಿಸಿ ಮೃದುವಾದ ನಾದವನ್ನು ಹೊರಡಿಸುವುದರಲ್ಲಿಯೂ ಅವನು ಪ್ರವೀಣನಾಗಿದ್ದನು.

ಬಾಲ್ಟಿಮೋರಿನಲ್ಲಿ ವಿಹಾರದ ಹಡಗುಗಳ ಮೇಲೆ ನುಡಿಸುತ್ತಿದ್ದ ತಂಡವೊಂದರಲ್ಲಿ ವೆಬ್ಬನಿಗೆ ಜಾನ್ ಟ್ರೂಹಾರ್ಟ್ ಎಂಬ ತಂತಿವಾದ್ಯಗಾರನ ಗೆಳೆತನವಾಯಿತು. 1920ರ ದಶಕದ ಮಧ್ಯಭಾಗದಲ್ಲಿ ಇಬ್ಬರೂ ನ್ಯೂಯಾರ್ಕ್ ನಗರಕ್ಕೆ ಹೊರಟುಬಂದರು. ಆ ನಗರದ ಹಾರ್ಲೆಮ್ ಭಾಗವು ಆಗ ಕಪ್ಪು ಜನರ ಸಾಹಿತ್ಯ, ಸಂಗೀತ, ನೃತ್ಯಗಳ ತವರಾಗಿತ್ತು. ಪ್ರಸಿದ್ಧ ಸಂಗೀತಗಾರ ಡ್ಯೂಕ್ ಎಲಿಂಗ್ಟನ್ನನು ವೆಬ್ಬನ ಕೈಚಳಕವನ್ನು ಮೆಚ್ಚಿ, 1926ರಲ್ಲಿ ಅವನಿಗೊಂದು ಕೆಲಸವನ್ನು ದೊರಕಿಸಿಕೊಟ್ಟನು. ಹೀಗೆ ಇಪ್ಪತ್ತೊಂದನೆಯ ವಯಸ್ಸಿನಲ್ಲಿ ವೆಬ್ಬನು ಸ್ವಂತ ವಾದ್ಯವೃಂದದ ನಾಯಕನಾದನು.

ನಾಯಕತ್ವವೇನೋ ದೊರೆಯಿತು, ಅನ್ನ ದೊರೆಯುವುದು ಸುಲಭವಾಗಲಿಲ್ಲ. ಮುಂದಿನ ಕೆಲವು ವರ್ಷಗಳು ಕಷ್ಟದಲ್ಲಿಯೇ ಕಳೆದವು. ಹೆಚ್ಚು ಸಂಬಳ ಕೊಡಬಲ್ಲ ವೃಂದಗಳು ಅವನ ಒಳ್ಳೆಯ ವಾದಕರನ್ನು ಸೆಳೆದುಕೊಳ್ಳುತ್ತಿದ್ದವು. ಅವನೊಡನಿದ್ದ ಜಾನಿ ಹಾಡ್ಜಸ್ ಎಂಬ ಶ್ರೇಷ್ಠ ಸ್ಯಾಕ್ಸೊಫೋನ್ ವಾದಕನು 1928ರಲ್ಲಿ ಎಲಿಂಗ್ಟನ್ನನ ವೃಂದವನ್ನು ಸೇರಿದನು. ವೆಬ್ಬನು ಎದೆಗುಂದಲಿಲ್ಲ. ಹೋದವರ ಸ್ಥಾನದಲ್ಲಿ ಹೊಸಬರನ್ನು ತಂದು ತರಬೇತು ಮಾಡಿದನು.

1926ರ ಮಾರ್ಚ್ ತಿಂಗಳಿನಲ್ಲಿ ಹಾರ್ಲೆಮ್ಮಿನ ಲೆನಾಕ್ಸ್ ಮಾರ್ಗದಲ್ಲಿ ಸವಾಯ್ ಎಂಬ ವಿಶಾಲವಾದ ನೃತ್ಯಮಂದಿರ ಪ್ರಾರಂಭವಾಗಿತ್ತು. ಅಮೆರಿಕದ ಅನೇಕ ನೃತ್ಯಮಂದಿರಗಳಲ್ಲಿ ಕಪ್ಪು ಜನರಿಗೆ ಪ್ರವೇಶವಿಲ್ಲದಿದ್ದ ಕಾಲದಲ್ಲಿ, ಇಲ್ಲಿ ಕರಿಯರೂ ಬಿಳಿಯರೂ ಒಂದೇ ನೆಲದ ಮೇಲೆ ಒಟ್ಟಾಗಿ ಕುಣಿಯುತ್ತಿದ್ದರು. ಮಂದಿರದಲ್ಲಿ ಎರಡು ವೇದಿಕೆಗಳಿದ್ದವು. ಒಂದರ ಮೇಲಿನ ವೃಂದ ನಿಲ್ಲಿಸಿದೊಡನೆ ಮತ್ತೊಂದು ಪ್ರಾರಂಭಿಸುವುದು. ಕುಣಿತಕ್ಕೆ ಎಡೆಬಿಡುವೇ ಇಲ್ಲ. 1927ರಲ್ಲಿ ಅಲ್ಲಿ ಮೊದಲು ನುಡಿಸಿದ ವೆಬ್ಬನ ವೃಂದವು 1931ರಿಂದ ಆ ಮಂದಿರದ ಖಾಯಂ ವೃಂದವಾಯಿತು. ಅಲ್ಲಿ ಜನಪ್ರಿಯವಾಗಿದ್ದ ಲಿಂಡಿ ಹಾಪ್ ಎಂಬ ವೇಗದ ಕುಣಿತಕ್ಕೆ ಅಲುಗಾಡದ ತಾಳ ಬೇಕಾಗಿತ್ತು. ಆ ತಾಳವನ್ನು ಕೊಡುತ್ತಿದ್ದವನು ಎಲ್ಲರಿಗಿಂತಲೂ ಪುಟ್ಟ ದೇಹದ ವೆಬ್ಬನು.

ವೇದಿಕೆಯ ಮೇಲೆ ಅವನ ವಾದ್ಯಗಳ ನಡುವೆ ಅವನನ್ನು ಹುಡುಕಬೇಕಾಗಿತ್ತು. ಕಾಲಿನಿಂದ ತುಳಿದು ನುಡಿಸುವ ಅವನ ದೊಡ್ಡ ಡ್ರಮ್ಮಿನ ಅಡ್ಡಳತೆ 28 ಅಂಗುಲ. ಅವನ ಗಿಡ್ಡಕಾಲುಗಳಿಗೆ ಎಟುಕುವಂತೆ ಪೆಡಲುಗಳನ್ನು ವಿಶೇಷವಾಗಿ ಮಾಡಿಸಲಾಗಿತ್ತು. ಕಂಚಿನ ತಾಳಗಳು ಹಂಸದ ಕೊರಳಿನಂತೆ ಬಾಗಿದ ಕಂಬಿಗಳಿಂದ ಅವನ ಕೈಯಳತೆಯೊಳಗೆ ತೂಗುತ್ತಿದ್ದವು. ದೇಹವು ವಾದ್ಯಕ್ಕೆ ಹೊಂದದಿದ್ದರೆ ವಾದ್ಯವನ್ನೇ ದೇಹಕ್ಕೆ ಹೊಂದಿಸಿಕೊಳ್ಳಬೇಕೆಂಬ ವಿವೇಕ ಅವನದಾಗಿತ್ತು. ಸಣ್ಣ ಡ್ರಮ್ಮನ್ನು ಆರಿಸಿಕೊಂಡಿದ್ದರೆ ಅವನ ಶ್ರಮ ಕಡಮೆಯಾಗುತ್ತಿತ್ತು. ಆದರೆ ನಾದವೂ ಕುಗ್ಗುತ್ತಿತ್ತು. ಅದಕ್ಕೆ ಅವನು ಒಪ್ಪಲಿಲ್ಲ.

ಮತ್ತೊಂದು ಕೊರತೆಯನ್ನೂ ಅವನು ಇದೇ ರೀತಿ ಗೆದ್ದನು. ಅವನಿಗೆ ಸಂಗೀತದ ಲಿಪಿಯನ್ನು ಓದಲು ಬರುತ್ತಿರಲಿಲ್ಲ. ಹನ್ನೆರಡು ಹದಿಮೂರು ಜನರ ವೃಂದದಲ್ಲಿ ತುತ್ತೂರಿಯವರು, ಸ್ಯಾಕ್ಸೊಫೋನಿನವರು, ಪಿಯಾನೊದವರು ತಮ್ಮ ತಮ್ಮ ಹಾಳೆಗಳನ್ನು ನೋಡಿ ನುಡಿಸುವಾಗ, ಅವರೆಲ್ಲರ ಪಾಲೂ ವೆಬ್ಬನ ನೆನಪಿನಲ್ಲಿರುತ್ತಿತ್ತು. ಯಾವನಾದರೂ ಒಂದು ಸ್ವರವನ್ನು ತಪ್ಪಿದರೆ ಅವನು ಒಡನೆಯೇ ಗುರುತಿಸುತ್ತಿದ್ದನು. ವೇದಿಕೆಯ ನಡುವೆ ಎತ್ತರದ ಪೀಠದ ಮೇಲೆ ಕುಳಿತು, ಕೋಲಿನ ಪೆಟ್ಟುಗಳಿಂದಲೇ ಸಂಜ್ಞೆ ಮಾಡಿ ಇಡೀ ವೃಂದವನ್ನು ನಡೆಸುತ್ತಿದ್ದನು. ತಾನೊಬ್ಬನೇ ಮೆರೆಯುವ ದೀರ್ಘ ವಾದನವನ್ನು ಅವನು ಅಪರೂಪವಾಗಿ ಮಾಡುತ್ತಿದ್ದನು. ಇತರರ ನುಡಿಗೆ ಅಂದವಾದ ಚೌಕಟ್ಟನ್ನು ಕಟ್ಟಿಕೊಡುವುದೇ ತಾಳದವನ ಧರ್ಮವೆಂಬುದನ್ನು ಅವನ ಧ್ವನಿಮುದ್ರಿಕೆಗಳು ಇಂದಿಗೂ ತೋರಿಸುತ್ತವೆ.

1934ರ ನವೆಂಬರ್ ತಿಂಗಳಿನಲ್ಲಿ ಹಾರ್ಲೆಮ್ಮಿನ ಅಪೊಲೊ ರಂಗಮಂದಿರದಲ್ಲಿ ನಡೆದ ಹವ್ಯಾಸಿಗಳ ಸ್ಪರ್ಧೆಯಲ್ಲಿ ಹದಿನೇಳು ವರ್ಷದ ಹುಡುಗಿಯೊಬ್ಬಳು ಬಹುಮಾನ ಗಳಿಸಿದಳು. ಆಕೆಯ ಹೆಸರು ಎಲಾ ಫಿಟ್ಸ್‌ಜೆರಾಲ್ಡ್. ತಾಯಿಯನ್ನು ಕಳೆದುಕೊಂಡು ನಿಲ್ಲಲು ನೆಲೆಯಿಲ್ಲದೆ ಅಲೆಯುತ್ತಿದ್ದ ಬಡಹುಡುಗಿ ಆಕೆ. ಮರುವರ್ಷ ಕೆಲವರು ಆಕೆಯನ್ನು ವೆಬ್ಬನ ಬಳಿಗೆ ಕರೆತಂದರು. ಹಾಸಿದ ಬಟ್ಟೆ, ಬಾಚದ ತಲೆಯ ಆ ಹುಡುಗಿಯನ್ನು ನೋಡಿ ವೆಬ್ಬನು ಮೊದಲು ಹಿಂದೆಗೆದನು. ರೂಪವನ್ನು ಕಂಡು ಜನ ತನ್ನನ್ನು ಅಳೆಯುತ್ತಿದ್ದುದನ್ನು ಜೀವನವೆಲ್ಲ ಅನುಭವಿಸಿದ್ದ ಅವನೂ ಆ ಗಳಿಗೆಯಲ್ಲಿ ರೂಪಕ್ಕೆ ಮರುಳಾದನೆಂಬುದು ಮನುಷ್ಯಸ್ವಭಾವದ ವೈಚಿತ್ರ್ಯ. ಆದರೆ ಹಾಡನ್ನು ಕೇಳಿದ ಮೇಲೆ, ಒಂದು ಕಾರ್ಯಕ್ರಮದಲ್ಲಿ ಪರೀಕ್ಷಿಸಿ, ಆಕೆಯನ್ನು ವೃಂದಕ್ಕೆ ಸೇರಿಸಿಕೊಂಡನು. ಅಲ್ಲಿಂದ ಮುಂದೆ ಆಕೆಯ ಕಂಠಕ್ಕೆ ತಕ್ಕ ಹಾಡುಗಳನ್ನು ಹೊಂದಿಸಿ, ಆಕೆಯನ್ನು ಬೆಳಕಿಗೆ ತಂದನು. 1938ರ ಮೇ ತಿಂಗಳಿನಲ್ಲಿ ಅವರು ಮುದ್ರಿಸಿದ, ಮಕ್ಕಳ ಪದ್ಯವೊಂದನ್ನು ಆಧರಿಸಿದ ಗೀತೆಯು ದೇಶದಲ್ಲೆಲ್ಲ ಮನೆಮಾತಾಯಿತು. ಹತ್ತು ವರ್ಷಗಳ ಹೋರಾಟದ ಬಳಿಕ ವೆಬ್ಬನಿಗೆ ಹಣವೂ ಕೀರ್ತಿಯೂ ಒಟ್ಟಿಗೆ ಬಂದವು.

ಇದಕ್ಕೆ ಒಂದು ವರ್ಷ ಮೊದಲು ಸವಾಯ್ ಮಂದಿರದಲ್ಲಿ ಸಂಗೀತದ ಇತಿಹಾಸ ಮರೆಯಲಾಗದ ಸ್ಪರ್ಧೆಯೊಂದು ನಡೆದಿತ್ತು. ಬೆನ್ನಿ ಗುಡ್‌ಮನ್ ಎಂಬ ಬಿಳಿಯ ಕ್ಲಾರಿನೆಟ್ ವಾದಕನ ವೃಂದವು ಆಗ ದೇಶದಲ್ಲಿ ಅತ್ಯಂತ ಪ್ರಸಿದ್ಧವಾಗಿತ್ತು. ವೆಬ್ಬನ ವೃಂದದಲ್ಲಿದ್ದ ಎಡ್ಗರ್ ಸ್ಯಾಂಪ್ಸನ್ನನು ರಚಿಸಿ, ವೆಬ್ಬನು 1934ರಲ್ಲಿಯೇ ಮುದ್ರಿಸಿದ್ದ ಕೃತಿಗಳನ್ನು ಗುಡ್‌ಮನ್ನನ ವೃಂದ ನುಡಿಸಿದಾಗ ಅವು ಮತ್ತಷ್ಟು ಜನಪ್ರಿಯವಾಗಿದ್ದವು. ಬಿಳಿಯರ ವೃಂದಗಳಿಗೆ ತೆರೆದಿದ್ದ ಹೋಟೆಲುಗಳ, ರೇಡಿಯೊ ಕಾರ್ಯಕ್ರಮಗಳ ಬಾಗಿಲುಗಳು ಕಪ್ಪು ಜನರ ವೃಂದಗಳಿಗೆ ಅಷ್ಟು ಸುಲಭವಾಗಿ ತೆರೆಯುತ್ತಿರಲಿಲ್ಲ. ಈಗ ಎರಡು ವೃಂದಗಳೂ ಒಂದೇ ಸೂರಿನ ಕೆಳಗೆ ಎದುರುಬದುರಾಗಿ ನುಡಿಸುವ ಅವಕಾಶ ಬಂದಿತು. 1937ನೆಯ ಮೇ 11ರ ರಾತ್ರಿ ಸುಮಾರು 4000 ಮಂದಿ ಒಳಗೆ ಕಿಕ್ಕಿರಿದರು. ಸ್ಥಳ ಸಾಲದೆ ಸಾವಿರಾರು ಮಂದಿ ಬೀದಿಯಲ್ಲಿ ನಿಂತರು. ಜನಸಂದಣಿಯನ್ನು ಹಿಡಿತದಲ್ಲಿಡಲು ಪೊಲೀಸರು ಬರಬೇಕಾಯಿತು.

ಗುಡ್‌ಮನ್ನನ ವೃಂದದ ಡ್ರಮ್ ವಾದಕನು ಜೀನ್ ಕ್ರೂಪ. ದೃಢಕಾಯನೂ ಸ್ಫುರದ್ರೂಪಿಯೂ ಆದ ಕ್ರೂಪನು ಆಗ ಅಮೆರಿಕದ ಯುವಜನರ ಕಣ್ಮಣಿಯಾಗಿದ್ದನು. ಹಳೆಯ ಸೇನಾವಾದಕರ ಕೈವರಸೆಯನ್ನು ಅಭ್ಯಸಿಸಿದ್ದ ಸ್ಯಾನ್‌ಫರ್ಡ್ ಮೋಲರ್ ಎಂಬ ಗುರುವಿನ ಬಳಿ ಅವನು ಕೋಲು ಹಿಡಿಯುವ ಶಾಸ್ತ್ರವನ್ನು ಕಲಿತಿದ್ದನು. ಒಂದು ವೇದಿಕೆಯಲ್ಲಿ ಶಾಸ್ತ್ರವನ್ನು ಕಲಿತ ಕ್ರೂಪ, ಇನ್ನೊಂದರಲ್ಲಿ ಬೀದಿಯ ಕಂಬಿಗಳ ಮೇಲೆ ಕಲಿತ ವೆಬ್. ಗುಡ್‌ಮನ್ನನ ವೃಂದ ನುಡಿಸಿ ಮುಗಿಸಿದಾಗ, ಅದಕ್ಕೆ ಹೆಸರು ತಂದಿದ್ದ ಕೃತಿಯನ್ನೇ ವೆಬ್ಬನ ವೃಂದ ಎತ್ತಿಕೊಂಡು ಇನ್ನೂ ಸೊಗಸಾಗಿ ನುಡಿಸಿ ತೋರಿಸಿತು. ಮಂದಿರ ಕರತಾಡನದಿಂದ ತುಂಬಿತು. ಗೆಲುವು ವೆಬ್ಬನದೆಂಬುದರಲ್ಲಿ ನೆರೆದವರಿಗೆ ಸಂದೇಹವುಳಿಯಲಿಲ್ಲ. ಕ್ರೂಪನು ತನ್ನ ಎದುರಾಳಿಗೆ ತಲೆಬಾಗಿ ನಮಿಸಿದನು. ಬಾಳಿನುದ್ದಕ್ಕೂ ವೆಬ್ಬನ ಹಿರಿಮೆಯನ್ನು ಅವನು ಮುಕ್ತಕಂಠದಿಂದ ಕೊಂಡಾಡಿದನು. ಸೋಲನ್ನು ಇಷ್ಟು ಸುಂದರವಾಗಿ ಒಪ್ಪಿಕೊಳ್ಳುವುದೂ ಒಂದು ಬಗೆಯ ಗೆಲುವೇ ಸರಿ.

ವಿಜಯದ ದಿನಗಳು ಬಹುಕಾಲ ಉಳಿಯಲಿಲ್ಲ. ಬೆನ್ನಿನ ರೋಗ ಒಳಗೊಳಗೇ ಉಲ್ಬಣಿಸುತ್ತಿತ್ತು. ಕಾರ್ಯಕ್ರಮ ಮುಗಿದೊಡನೆ ವೆಬ್ಬನು ನಿಶ್ಶಕ್ತನಾಗಿ ಕುಸಿಯುತ್ತಿದ್ದನೆಂದು ಒಡನಾಡಿಗಳು ನೆನೆದಿದ್ದಾರೆ. ವಿಶ್ರಾಂತಿ ಪಡೆದಿದ್ದರೆ ಬದುಕು ಒಂದಿಷ್ಟು ದೀರ್ಘವಾಗುತ್ತಿತ್ತೋ ಏನೋ. ಆದರೆ ಅವನು ನುಡಿಸುವುದನ್ನು ನಿಲ್ಲಿಸಿದರೆ ವೃಂದದ ಬಾಳೂ ನಿಲ್ಲುತ್ತಿತ್ತು. ಕೀರ್ತಿ ಬಂದ ಮೇಲೆ ಊರೂರುಗಳಿಂದ ಕರೆಗಳು ಬರುತ್ತಿದ್ದವು. ನೋವನ್ನು ನುಂಗಿಕೊಂಡು ಅವನು ಪಯಣಿಸುತ್ತಲೇ ಇದ್ದನು. ಕೊನೆಗೆ 1939ರ ಜೂನ್ ತಿಂಗಳಿನಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯನ್ನು ಸೇರಬೇಕಾಯಿತು. ಶಸ್ತ್ರಚಿಕಿತ್ಸೆಯಾದರೂ ಫಲಿಸಲಿಲ್ಲ. ಜೂನ್ 16ರಂದು, ಹುಟ್ಟಿದ ಊರಿನಲ್ಲಿಯೇ, ಅವನು ಕೊನೆಯುಸಿರೆಳೆದನು. ಅಂತ್ಯಸಂಸ್ಕಾರಕ್ಕೆ ಸಾವಿರಾರು ಮಂದಿ ಸೇರಿದರು. ಎಲಾ ಫಿಟ್ಸ್‌ಜೆರಾಲ್ಡ್ ಕಂಬನಿ ಮಿಡಿಯುತ್ತ ಹಾಡಿ ಅವನನ್ನು ಬೀಳ್ಕೊಟ್ಟಳು. ವೆಬ್ಬನು ಕಟ್ಟಿದ ವೃಂದವನ್ನು ಕೆಲವು ವರ್ಷಗಳು ಆಕೆಯೇ ಮುನ್ನಡೆಸಿದಳು. 1996ರಲ್ಲಿ ಮರಣ ಹೊಂದುವ ವೇಳೆಗೆ ಆಕೆ ವಿಶ್ವವಿಖ್ಯಾತ ಗಾಯಕಿಯಾಗಿದ್ದಳು.

ವೆಬ್ಬನ ತರುವಾಯ ಡ್ರಮ್ ವಾದನದಲ್ಲಿ ಅನೇಕ ಬದಲಾವಣೆಗಳಾದವು. ವಿದ್ಯುತ್ತಿನಿಂದ ಧ್ವನಿ ಹೆಚ್ಚಿಸಿದ ಗಿಟಾರುಗಳು ಬಂದ ಮೇಲೆ ಡ್ರಮ್ಮಿನ ಪೆಟ್ಟಿಗೂ ಹೆಚ್ಚಿನ ಬಲ ಬೇಕಾಯಿತು. 1964ರಲ್ಲಿ ಬೀಟಲ್ಸ್ ತಂಡದ ರಿಂಗೊ ಸ್ಟಾರನು ಎರಡು ಅಂಗೈಗಳನ್ನೂ ಕೆಳಮುಖವಾಗಿ ಹಿಡಿದು ನುಡಿಸುವುದನ್ನು ಅಮೆರಿಕದ ಜನ ದೂರದರ್ಶನದಲ್ಲಿ ಕಂಡರು. ಎರಡು ಕೈಗಳೂ ಸಮನಾಗಿರುವ ಈ ಹಿಡಿತವು ಬಹುಬೇಗ ಹರಡಿತು. ಸಮಹಿಡಿತದಲ್ಲಿ ಎರಡು ಕೈಗಳಿಗೂ ಸಮಾನವಾದ ಬಲವುಂಟು. ಒಂದು ಡ್ರಮ್ಮಿನಿಂದ ಇನ್ನೊಂದಕ್ಕೆ ಹಾಯುವುದು ಸುಲಭ. ಸಾಂಪ್ರದಾಯಿಕ ಹಿಡಿತದಲ್ಲಿ ಎಡಗೈಯ ಸೂಕ್ಷ್ಮವಾದ ಮೆಲುನುಡಿಗಳು ಸೊಗಸೆಂದು ಅನೇಕರು ಭಾವಿಸುತ್ತಾರೆ. ವೆಬ್ಬನನ್ನು ಮೆಚ್ಚಿದ್ದ ಬಡಿ ರಿಚ್ ಎಂಬ ಮಹಾವಾದಕನು 1987ರಲ್ಲಿ ತೀರಿಕೊಳ್ಳುವವರೆಗೂ ಹಳೆಯ ಹಿಡಿತದಲ್ಲಿಯೇ ಪ್ರಚಂಡ ವೇಗವನ್ನು ತೋರಿಸಿದನು. ಕಲಿಯುವವನು ತನ್ನ ದೇಹ, ತನ್ನ ವಾದ್ಯ, ತಾನು ನುಡಿಸುವ ಸಂಗೀತ ಈ ಮೂರನ್ನೂ ನೋಡಿ ಹಿಡಿತವನ್ನು ಆರಿಸಿಕೊಳ್ಳಬೇಕು. ಆರಿಸಿಕೊಂಡುದು ಯಾವುದೇ ಇರಲಿ, ಕೈ ಸಡಿಲವಾಗಿದ್ದು ಮನಸ್ಸು ಎಚ್ಚರವಾಗಿರಬೇಕು. ಈ ಮಾತಿನಲ್ಲಿ ಎರಡು ಪಂಥದವರಿಗೂ ಭಿನ್ನಾಭಿಪ್ರಾಯವಿಲ್ಲ.

ಸವಾಯ್ ನೃತ್ಯಮಂದಿರ 1958ರಲ್ಲಿ ಮುಚ್ಚಿತು. ಇಂದು ಆ ಕಟ್ಟಡವಿಲ್ಲ. ಬಾಲ್ಟಿಮೋರಿನ ಜನರು ವೆಬ್ಬನ ಹೆಸರಿನಲ್ಲಿ ಮಕ್ಕಳ ಆಟಪಾಟಗಳಿಗಾಗಿ ಒಂದು ಕೇಂದ್ರವನ್ನು ಕಟ್ಟಿಸಿದರು. ಯಾವ ನಗರದ ಬೀದಿಗಳಲ್ಲಿ ಅವನು ಪತ್ರಿಕೆ ಮಾರಿದ್ದನೋ ಆ ನಗರದಲ್ಲಿಯೇ ಅವನ ಹೆಸರು ನಿಂತಿತು. ಹುಟ್ಟಿನ ಬಡತನವನ್ನಾಗಲಿ, ಜನಾಂಗದ ಕಾರಣದಿಂದ ಬಂದ ಅವಮಾನವನ್ನಾಗಲಿ, ಬೆನ್ನಿನ ರೋಗವನ್ನಾಗಲಿ ವೆಬ್ಬನು ತಾನಾಗಿ ಆರಿಸಿಕೊಂಡಿರಲಿಲ್ಲ. ಅವನು ಆರಿಸಿಕೊಂಡದ್ದು ಎರಡು ಕೋಲುಗಳನ್ನು, ಮತ್ತು ಅವುಗಳನ್ನು ಹಿಡಿಯುವ ಹದವನ್ನು. ಅಷ್ಟರಿಂದಲೇ ಅವನು ಸಾವಿರಾರು ಜನರನ್ನು ಕುಣಿಸಿದನು. ಮನೆಯಿಲ್ಲದ ಹುಡುಗಿಯೊಬ್ಬಳಿಗೆ ಹಾಡಲು ವೇದಿಕೆಯನ್ನು ಕೊಟ್ಟನು. ತನಗಿಂತ ಬಲಶಾಲಿಗಳಾದವರಿಂದ ಗೌರವವನ್ನು ಪಡೆದನು.

ಅಭ್ಯಾಸ

ಅ) ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ಚಿಕ್ ವೆಬ್ ಎಲ್ಲಿ, ಯಾವಾಗ ಹುಟ್ಟಿದನು?
2. ವೆಬ್ಬನು ಮೊದಲ ಡ್ರಮ್ಮುಗಳನ್ನು ಕೊಳ್ಳಲು ಹಣವನ್ನು ಹೇಗೆ ಸಂಪಾದಿಸಿದನು?
3. 1937ರ ಸ್ಪರ್ಧೆಯಲ್ಲಿ ವೆಬ್ಬನಿಗೆ ತಲೆಬಾಗಿ ನಮಿಸಿದವನು ಯಾರು?

ಆ) ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
1. ಸಾಂಪ್ರದಾಯಿಕ ಹಿಡಿತವು ಹುಟ್ಟಿದ್ದಕ್ಕೆ ಕಾರಣವೇನು?
2. ಸವಾಯ್ ನೃತ್ಯಮಂದಿರದ ವೈಶಿಷ್ಟ್ಯಗಳಾವುವು?
3. ತನ್ನ ದೇಹದ ಕೊರತೆಗೆ ತಕ್ಕಂತೆ ವೆಬ್ಬನು ವಾದ್ಯಗಳನ್ನು ಹೇಗೆ ಹೊಂದಿಸಿಕೊಂಡನು?

ಇ) ಸಂದರ್ಭದೊಡನೆ ವಿವರಿಸಿರಿ.
1. ಕಾರಣ ಮರೆಯಾಯಿತು, ಅಭ್ಯಾಸ ಉಳಿಯಿತು.
2. ಸೋಲನ್ನು ಇಷ್ಟು ಸುಂದರವಾಗಿ ಒಪ್ಪಿಕೊಳ್ಳುವುದೂ ಒಂದು ಬಗೆಯ ಗೆಲುವೇ ಸರಿ.